ಮನೆಯೊಳಗೊಂದು ಸರ್ಚ್ ಎಂಜಿನ್: ಗೂಗಲ್‌ಗೆ ಕೊಡದ ಗುಟ್ಟು ಎಲ್ಲಿಗೆ ಹೋಗುತ್ತದೆ?

ಹೋದ ವರ್ಷ ಬೇಸಿಗೆಯ ಒಂದು ಸಂಜೆ ನಮ್ಮ ಮನೆಯ ಸರ್ಚ್ ಎಂಜಿನ್ ಕೆಟ್ಟು ನಿಂತಿತು. ಏನು ಹುಡುಕಿದರೂ ಖಾಲಿ ಪುಟ. ಮನೆಯ ಸರ್ಚ್ ಎಂಜಿನ್ ಎಂದರೆ ತುಮಕೂರಿನ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಸ್ಟ್ಯಾಂಡಿನ ಕೆಳಖಾನೆಯಲ್ಲಿ, ಫೈಬರ್ ರೂಟರಿನ ಪಕ್ಕ ಕೂತಿರುವ ಹಳೇ ಲ್ಯಾಪ್‌ಟಾಪು. ಸ್ಕ್ರೀನಿನ ಒಂದು ಮೂಲೆ ಒಡೆದಿದೆ, ಎರಡು ಕೀಲಿ ಕಿತ್ತುಹೋಗಿವೆ, ಒಳಗಿನ ಯಂತ್ರ ಮಾತ್ರ ಗಟ್ಟಿ. ಏನಾಗಿದೆ ನೋಡೋಣ ಎಂದು ಲಾಗ್ ಫೈಲ್ ತೆರೆದೆ. ಮನೆಯವರು ಕೇಳಿದ ಪ್ರಶ್ನೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು.

ಕನ್ನಡದಲ್ಲಿ ಟೈಪ್ ಮಾಡಿದ ಪ್ರಶ್ನೆ ಲಾಗ್‌ನಲ್ಲಿ ಹಾಗೇ ಓದಲು ಬರುವುದಿಲ್ಲ. ಒಂದೊಂದು ಅಕ್ಷರವೂ ಶೇಕಡಾ ಚಿಹ್ನೆ, ಇ ಸೊನ್ನೆ, ಮತ್ತೆ ಶೇಕಡಾ ಚಿಹ್ನೆ, ಬಿ ಎರಡು ಎಂದು ಶುರುವಾಗುವ ಸಂಕೇತವಾಗಿ ಬಿದ್ದಿರುತ್ತದೆ. ಆದರೆ ಆ ಸಂಕೇತಗಳ ರಾಶಿಯ ನಡುವೆ ಒಂದು ಸಾಲು ನಿಚ್ಚಳವಾಗಿ ಕಣ್ಣಿಗೆ ಬಿತ್ತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಕೇಳಿದ ಪ್ರಶ್ನೆ. ಸಮಯ ರಾತ್ರಿ ಒಂದು ನಲವತ್ತು. ಆರೋಗ್ಯಕ್ಕೆ ಸಂಬಂಧಿಸಿದ್ದು. ಮನೆಯಲ್ಲಿರುವವರು ಐದು ಜನ. ಕೇಳಿದ್ದು ಯಾರೆಂದು ತಿಳಿಯಲು ನನಗೆ ಕ್ಷಣವೂ ಹಿಡಿಯಲಿಲ್ಲ. ಆ ಪ್ರಶ್ನೆ ಏನೆಂದು ಇಲ್ಲಿ ಬರೆಯುವುದಿಲ್ಲ. ಮನೆಯವರ ಮಾತು ಹೊರಗಿನವರ ಕಿವಿಗೆ ಬೀಳದಿರಲಿ ಎಂದೇ ಹಠ ಹಿಡಿದು ಕಟ್ಟಿದ ಯಂತ್ರ ಅದು. ಅದೇ ಯಂತ್ರ ಒಬ್ಬರ ನಡುರಾತ್ರಿಯ ಭಯವನ್ನು ತಂದು ನನ್ನ ಕೈಗೆ ಕೊಟ್ಟಿತ್ತು.

ಈ ಲೇಖನ ಹುಟ್ಟಿದ್ದು ಆ ಸಂಜೆ. ಮನೆಯಲ್ಲೇ ಸರ್ಚ್ ಎಂಜಿನ್ ನಡೆಸುವುದು ಹೇಗೆ ಎಂದು ವಿವರಿಸುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಡಿಮೆ ಕೇಳಿಬರುವ ಮಾತೊಂದಿದೆ: ಯಂತ್ರವನ್ನು ಮನೆಗೆ ತಂದರೆ ಗುಟ್ಟು ಇಲ್ಲದಂತಾಗುವುದಿಲ್ಲ, ಅದು ಕೈ ಬದಲಾಯಿಸುತ್ತದೆ. ಯಾರ ಕೈಗೆ ಎಂಬುದನ್ನು ಒಂದೊಂದೇ ಹೆಜ್ಜೆಯಲ್ಲಿ ನೋಡಬೇಕು.

ಮೊದಲಿಗೆ, ಹುಡುಕಾಟದ ಪ್ರಶ್ನೆಗಳಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ಒಂದು ಹಳೆಯ ಘಟನೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲಿ ಎಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಹಿರಂಗಪಡಿಸಿತು. ಸುಮಾರು 2 ಕೋಟಿ ಪ್ರಶ್ನೆಗಳು. ಹೆಸರುಗಳನ್ನು ತೆಗೆದು ಬರೀ ನಂಬರ್ ಹಾಕಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಅದರಲ್ಲೊಂದು ನಂಬರಿನ ಪ್ರಶ್ನೆಗಳನ್ನಷ್ಟೇ ಓದಿ, ಜಾರ್ಜಿಯಾದ 62 ವರ್ಷದ ಒಬ್ಬ ವಿಧವೆಯ ಮನೆಯ ಬಾಗಿಲು ತಟ್ಟಿದರು. ತನ್ನೂರಿನ ತೋಟದ ಕೆಲಸದವರು, ತನ್ನ ಮನೆತನದ ಹೆಸರಿನವರು, ನಾಯಿಯ ಕಾಟ, ಕೈ ಬೆರಳಿನ ಜೋಮು: ಇಷ್ಟು ಸಾಕಾಗಿತ್ತು. ಹೆಸರನ್ನು ಅಳಿಸಬಹುದು, ಪ್ರಶ್ನೆಗಳೇ ಸೇರಿ ಮತ್ತೆ ಹೆಸರು ಹೇಳಿಬಿಡುತ್ತವೆ. ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿ ಹುಡುಕುವವರಿಗೆ ಹೆಸರನ್ನು ಅಳಿಸುವ ಆ ಹಂತವೂ ಇಲ್ಲ.

ಈಗ ಯಂತ್ರದ ಮಾತು. ಮನೆಯಲ್ಲಿ ನಡೆಸಬಹುದಾದವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸರ್ಕ್ಸ್‌ಎನ್‌ಜಿ. ಸರ್ಕ್ಸ್ ಎಂಬ ಮೂಲ ತಂತ್ರಾಂಶದಿಂದ 2021ರಲ್ಲಿ ಕವಲೊಡೆದದ್ದು, ಉಚಿತ, ಮುಕ್ತ. ಇದಕ್ಕೆ ಜಾಲದ ಪುಟಗಳ ಸ್ವಂತದ ಭಂಡಾರ ಇಲ್ಲ. ನೀವು ಕೇಳಿದ ಪ್ರಶ್ನೆಯನ್ನು ತೆಗೆದುಕೊಂಡು ಗೂಗಲ್, ಬಿಂಗ್, ಡಕ್‌ಡಕ್‌ಗೋ, ಬ್ರೇವ್, ವಿಕಿಪೀಡಿಯ ಹೀಗೆ ನೀವು ಆರಿಸಿಟ್ಟ ಕಡೆಗಳಿಗೆಲ್ಲ ಏಕಕಾಲಕ್ಕೆ ಓಡುತ್ತದೆ, ಉತ್ತರ ತರುತ್ತದೆ, ಒಂದೇ ಪುಟ ಎರಡು ಮೂರು ಕಡೆ ಸಿಕ್ಕಿದ್ದರೆ ಒಟ್ಟುಗೂಡಿಸಿ ಅದಕ್ಕೆ ಹೆಚ್ಚು ಅಂಕ ಕೊಟ್ಟು ಮೇಲೆ ಕೂರಿಸುತ್ತದೆ. ಹೊರಡುವಾಗ, ನಿಮ್ಮನ್ನು ಗುರುತಿಸಲು ತಾಣಗಳು ಬ್ರೌಸರಿನಲ್ಲಿ ಬಿಟ್ಟಿರುವ ಕುಕಿಗಳನ್ನಾಗಲಿ ನಿಮ್ಮ ಖಾತೆಯನ್ನಾಗಲಿ ಜೊತೆಗೆ ಒಯ್ಯುವುದಿಲ್ಲ. ಊರಿನಲ್ಲಿ ಅಂಗಡಿಗೆ ತಾವೇ ಹೋಗದೆ ಹುಡುಗನ ಕೈಯಲ್ಲಿ ಚೀಟಿ ಕಳಿಸುತ್ತಿದ್ದರಲ್ಲ, ಹಾಗೆ. ಅಂಗಡಿಯವನಿಗೆ ಚೀಟಿ ಕಾಣುತ್ತದೆ, ಬರೆದವರ ಮುಖ ಕಾಣುವುದಿಲ್ಲ.

ಆದರೆ ಹುಡುಗ ಯಾವ ಮನೆಯಿಂದ ಬಂದ ಎಂಬುದು ಅಂಗಡಿಯವನಿಗೆ ಕಾಣುತ್ತದೆ. ಮನೆಯಲ್ಲಿ ಯಂತ್ರ ಇಟ್ಟವರು ಹೆಚ್ಚಾಗಿ ಎಡವುವುದು ಇಲ್ಲೇ. ಯಂತ್ರ ನಿಮ್ಮ ಮನೆಯಲ್ಲಿದ್ದರೆ ಪ್ರಶ್ನೆ ಹೊರಡುವುದು ನಿಮ್ಮ ಮನೆಯ ಐಪಿ ವಿಳಾಸದಿಂದಲೇ, ಅಂದರೆ ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ನಂಬರಿನಿಂದಲೇ. ಒಬ್ಬರೇ ಬಳಸುವ ಮನೆಯಾದರೆ ಆ ವಿಳಾಸದಿಂದ ಬಂದ ಎಲ್ಲ ಪ್ರಶ್ನೆಗಳೂ ಒಬ್ಬರವೇ, ಎಒಎಲ್ ನಂಬರಿನ ಹಾಗೆ. ಬೇರೆ ಯಾರೋ ನಡೆಸುವ ಸಾರ್ವಜನಿಕ ಸರ್ಕ್ಸ್‌ಎನ್‌ಜಿ ತಾಣದಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಸಾವಿರಾರು ಜನರ ಪ್ರಶ್ನೆಗಳು ಒಂದೇ ವಿಳಾಸದಿಂದ ಹೊರಡುತ್ತವೆ. ಸಿದ್ಧಗಂಗೆ ಜಾತ್ರೆಯ ನೂಕುನುಗ್ಗಲಿನಲ್ಲಿ ಯಾರು ಏನು ಕೊಂಡರು ಎಂದು ಯಾರಿಗೂ ನೆನಪಿರುವುದಿಲ್ಲ. ಬೀದಿಕೊನೆಯ ಅಂಗಡಿಯವನಿಗೆ ನೀವು ಯಾವ ಸೋಪು ತರುತ್ತೀರಿ ಎಂಬುದೂ ಗೊತ್ತು. ಗೂಗಲ್‌ನ ಕಣ್ಣಿನಿಂದ ನೋಡಿದರೆ ಸಾರ್ವಜನಿಕ ತಾಣ ಜಾತ್ರೆ, ಮನೆಯ ಯಂತ್ರ ಬೀದಿಕೊನೆ. ಆದರೆ ಸಾರ್ವಜನಿಕ ತಾಣ ನಡೆಸುವವರು ಯಾರು, ಅವರು ಲಾಗ್ ಬರೆದಿಡುತ್ತಾರೋ ಇಲ್ಲವೋ ಎಂದು ತಿಳಿಯುವ ದಾರಿ ನಿಮಗಿಲ್ಲ. ಅವರನ್ನು ನಂಬಬೇಕು, ಅಷ್ಟೇ.

ನಮ್ಮ ಕಡೆಯ ಮನೆ ಇಂಟರ್ನೆಟ್ ಸಂಪರ್ಕಗಳಲ್ಲಿ ಇನ್ನೊಂದು ಮಜಲಿದೆ. ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳು ಸಾಲದೆ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಸಿಜಿನ್ಯಾಟ್ ಎನ್ನುವುದು ಇದನ್ನೇ. ಬೀದಿಗೆಲ್ಲ ಒಂದೇ ಬಾಗಿಲು ಇದ್ದ ಹಾಗೆ. ಇದರಿಂದ ತಾನಾಗಿಯೇ ಒಂದಿಷ್ಟು ಮರೆ ಸಿಗುತ್ತದೆ. ಆದರೆ ಅದೇ ಸಂಪರ್ಕದಲ್ಲಿ ಹೊಸ ಮಾದರಿಯ ಐಪಿವಿ6 ಇದ್ದರೆ ಪ್ರತಿ ಮನೆಗೂ ಸ್ವಂತ ವಿಳಾಸ, ಮರೆ ಹೋಯಿತು. ಯಂತ್ರ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದು ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ. ಇನ್ನೂ ಗಟ್ಟಿ ಮರೆ ಬೇಕೆಂದವರು ಸರ್ಕ್ಸ್‌ಎನ್‌ಜಿಯ ಹೊರಹೋಗುವ ದಾರಿಯನ್ನು ಹಲವು ಯಂತ್ರಗಳನ್ನು ಹಾಯಿಸಿ ವಿಳಾಸ ಮರೆಸುವ ಟಾರ್ ಜಾಲದ ಮೂಲಕವೋ, ಒಂದು ಕಂಪನಿಯ ಸರ್ವರ್ ಹಾಯಿಸುವ ವಿಪಿಎನ್ ಮೂಲಕವೋ ತಿರುಗಿಸಬಹುದು, ಅದಕ್ಕೆ ಸೆಟ್ಟಿಂಗ್ ಇದೆ. ಟಾರ್ ಆದರೆ ಎಷ್ಟೋ ಎಂಜಿನ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ವಿಪಿಎನ್ ಆದರೆ ಮತ್ತೆ ನಂಬಿಕೆಯ ಪ್ರಶ್ನೆ: ಭಾರತದಲ್ಲಿ ಸೇವೆ ಕೊಡುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ.

ಹಾಗಾದರೆ ಮನೆಯ ಯಂತ್ರದಿಂದ ಲಾಭವೇನು? ಲಾಭ ಇದೆ, ಸಣ್ಣದೇನಲ್ಲ. ಹುಡುಕಾಟ ನಿಮ್ಮ ಜಿಮೇಲ್‌ಗೂ ಯೂಟ್ಯೂಬ್‌ಗೂ ಮ್ಯಾಪ್ಸ್‌ಗೂ ಗಂಟು ಬೀಳುವುದು ತಪ್ಪುತ್ತದೆ. ಮನೆಯ ಐದು ಜನರ ಪ್ರಶ್ನೆಗಳು ಒಂದೇ ರಾಶಿಯಲ್ಲಿ ಬೆರೆಯುತ್ತವೆ. ಜಾಹೀರಾತು ಇಲ್ಲ. ಹೋದ ತಿಂಗಳು ಕೇಳಿದ ಪ್ರಶ್ನೆಗೆ ತಕ್ಕಂತೆ ಈ ತಿಂಗಳ ಉತ್ತರ ತಿರುಗುವುದಿಲ್ಲ. ಇಷ್ಟಕ್ಕೆ ಈ ಕೆಲಸ ಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಹುಡುಕಿ ಸಿಕ್ಕ ಕೊಂಡಿಯನ್ನು ಒತ್ತಿದ ಕ್ಷಣದಿಂದ ನೀವು ಆ ತಾಣದ ಅತಿಥಿ. ಅಲ್ಲಿ ಕೂತು ನಿಮ್ಮ ಜಾಡು ಹಿಡಿಯುವ ಟ್ರ್ಯಾಕರ್‌ಗಳನ್ನು ನಿಮ್ಮ ಯಂತ್ರ ತಡೆಯುವುದಿಲ್ಲ. ಮತ್ತೆ, ಟೈಪ್ ಮಾಡುತ್ತಿದ್ದಂತೆ ಮುಂದಿನ ಪದ ಸೂಚಿಸುವ ಸೌಲಭ್ಯವನ್ನು ಆನ್ ಮಾಡಿದರೆ ನೀವು ಅರ್ಧಕ್ಕೆ ಬಿಟ್ಟ, ಅಳಿಸಿ ತಿದ್ದಿದ ಪ್ರಶ್ನೆಯೂ ಹೊರಗೆ ಹೋಗಿರುತ್ತದೆ. ಅದನ್ನು ಆಫ್ ಇಡುವುದು ಒಳ್ಳೆಯದು.

ಗೆಳೆಯರು ಕೇಳಿದರು, ನಮ್ಮ ಮನೆಗೂ ಕೊಡು ಎಂದು. ಕೊಟ್ಟೆ. ಈಗ ನಾಲ್ಕು ಮನೆಗಳು ಬಳಸುತ್ತವೆ, ವೈರ್‌ಗಾರ್ಡ್ ಎಂಬ ಗುಪ್ತ ಸಂಪರ್ಕದ ಮೂಲಕ. ರೂಟರಿನಲ್ಲಿ ಪೋರ್ಟ್ ತೆರೆದು ಇಡೀ ಜಗತ್ತಿಗೆ ಬಿಟ್ಟಿಲ್ಲ, ಬಿಡಲೂ ಬಾರದು. ಬಿಟ್ಟರೆ ಬಾಟ್‌ಗಳು ನಿಮ್ಮ ಯಂತ್ರವನ್ನೇ ಗಾಣದ ಎತ್ತು ಮಾಡಿಕೊಂಡು ಪ್ರಶ್ನೆಗಳನ್ನು ಅಟ್ಟುತ್ತವೆ, ಗೂಗಲ್ ನಿಮ್ಮ ವಿಳಾಸವನ್ನೇ ತಡೆಯುತ್ತದೆ. ನಾಲ್ಕು ಮನೆ ಸೇರಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಗುಂಪು ದೊಡ್ಡದಾದಷ್ಟೂ ಹೊರಗಿನವರಿಂದ ಮರೆ ಹೆಚ್ಚು, ಅಷ್ಟಷ್ಟೇ ಯಂತ್ರ ಇಟ್ಟುಕೊಂಡವನ ಕೈಗೆ ಸೇರುವ ಗುಟ್ಟೂ ಹೆಚ್ಚು. ಒಂದನ್ನು ಬೆಳೆಸಿ ಇನ್ನೊಂದನ್ನು ಬೆಳೆಸದಿರುವ ಉಪಾಯ ನನಗೆ ಸಿಕ್ಕಿಲ್ಲ. ಉಳಿದಿರುವುದು ಯಂತ್ರ ನೆನಪಿಟ್ಟುಕೊಳ್ಳದ ಹಾಗೆ ಮಾಡುವುದು.

ಅದು ಕಷ್ಟವೇನಲ್ಲ. ಸರ್ಕ್ಸ್‌ಎನ್‌ಜಿ ಪ್ರಶ್ನೆಗಳನ್ನು ಬರೆದಿಡುವ ಉದ್ದೇಶದಿಂದ ಮಾಡಿದ ತಂತ್ರಾಂಶವೇ ಅಲ್ಲ. ನನ್ನಲ್ಲಿ ಬರೆದಿಟ್ಟದ್ದು ಅದರ ಮುಂದೆ ನಾನೇ ಕೂರಿಸಿದ್ದ ಎನ್‌ಜಿನ್‌ಎಕ್ಸ್. ಯಾವುದೇ ವೆಬ್ ಸರ್ವರಿನ ಹಾಗೆ ಅದು ಕೇಳಿದ ಪುಟಗಳ ವಿಳಾಸಗಳನ್ನೆಲ್ಲ ದಾಖಲಿಸುತ್ತದೆ, ಪ್ರಶ್ನೆ ಆ ಪುಟದ ವಿಳಾಸದ ಬಾಲದಲ್ಲೇ ಇರುತ್ತದೆ. ಆ ಲಾಗ್ ನಿಲ್ಲಿಸುವುದು ಒಂದು ಸಾಲಿನ ಕೆಲಸ. ಪ್ರಶ್ನೆಯನ್ನು ಪುಟದ ವಿಳಾಸದಲ್ಲಿ ಕಳಿಸದೆ, ಬೇರೆಯಾಗಿ ಒಯ್ಯುವ ಪೋಸ್ಟ್ ವಿಧಾನದಲ್ಲಿ ಕಳಿಸುವುದು ಇನ್ನೊಂದು ಸಾಲು. ಆಗ ಬ್ರೌಸರಿನ ಹಿಸ್ಟರಿಯಲ್ಲೂ ಪ್ರಶ್ನೆ ಉಳಿಯುವುದಿಲ್ಲ. ಎರಡನ್ನೂ ಆ ರಾತ್ರಿಯೇ ಮಾಡಿದೆ. ಹಳೆಯ ಫೈಲುಗಳನ್ನು ಅಳಿಸಿದೆ. ಮಾರನೇ ದಿನ ಊಟಕ್ಕೆ ಕೂತಾಗ, ಇಷ್ಟು ದಿನ ಲಾಗ್ ಬರೆಯುತ್ತಿತ್ತು, ನನ್ನ ತಪ್ಪು, ಇನ್ನು ಬರೆಯುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಯಾರೂ ಏನೂ ಕೇಳಲಿಲ್ಲ. ಒಬ್ಬರು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಮ್ಮ ಮನೆಗಳ ಮಟ್ಟಿಗೆ ಖಾಸಗಿತನದ ಪ್ರಶ್ನೆ ಕ್ಯಾಲಿಫೋರ್ನಿಯಾದಿಂದ ಶುರುವಾಗುವುದಿಲ್ಲ, ಮನೆಯ ಹಾಲ್‌ನಿಂದ ಶುರುವಾಗುತ್ತದೆ ಎಂದು ನನಗೆ ಅನ್ನಿಸಿದ್ದು ಆಗ. ಮುಟ್ಟು ತಪ್ಪಿದ ಹುಡುಗಿ, ಸಾಲದ ಕಂತು ಕಟ್ಟಲಾಗದ ಗಂಡಸು, ಬೇರೆ ಜಾತಿಯವರನ್ನು ಮದುವೆಯಾಗಲು ಕಾನೂನು ಏನು ಹೇಳುತ್ತದೆ ಎಂದು ಹುಡುಕುವ ಮಗ: ಇವರೆಲ್ಲ ಹೆದರುವುದು ಗೂಗಲ್‌ಗಲ್ಲ, ಮನೆಯವರಿಗೆ. ಇವರ ಪಾಲಿಗೆ ದೂರದ ಕಂಪನಿಯೇ ಮನೆಯ ಯಂತ್ರಕ್ಕಿಂತ ಸುರಕ್ಷಿತ ಎನ್ನಿಸಿದರೆ ಅದು ಮೂರ್ಖತನವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕಾಗಿ ಅಥವಾ ಮನೆಯ ಉದ್ದೇಶಕ್ಕಾಗಿ ನಿರ್ವಹಿಸುವ ದತ್ತಾಂಶಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಮನೆಯವರ ಪ್ರಶ್ನೆಗಳನ್ನು ನಾನು ಓದಿದರೆ ಈ ಕಾಯ್ದೆ ನನ್ನನ್ನು ತಡೆಯುವುದಿಲ್ಲ. ತಡೆಯಬೇಕಾದವನು ನಾನೇ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಹಳೇ ಲ್ಯಾಪ್‌ಟಾಪು ಸುಮ್ಮನಿದ್ದಾಗ ಸುಮಾರು 15 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ; ದಿನವಿಡೀ ಓಡಿದರೆ ತಿಂಗಳಿಗೆ 10.8 ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ಇದಕ್ಕೆ ಲೆಕ್ಕ ಇದೆ. 2022-23ರಲ್ಲಿ ನಿಮ್ಮ ಸರಾಸರಿ 90 ಯೂನಿಟ್ ಇದ್ದಿದ್ದರೆ ಶೇಕಡಾ 10 ಸೇರಿ 99ರವರೆಗೆ ಉಚಿತ. ಹೆಚ್ಚುವರಿ ಒಂಬತ್ತು ಯೂನಿಟ್ಟನ್ನು ಈ ಯಂತ್ರ ಒಂದೇ ತಿಂದುಹಾಕುತ್ತದೆ. ರಾಸ್ಪ್‌ಬೆರಿ ಪೈ ಥರದ ಪುಟ್ಟ ಬೋರ್ಡು 4 ವ್ಯಾಟಿನ ಆಸುಪಾಸಿನಲ್ಲಿ ಓಡುತ್ತದೆ, ತಿಂಗಳಿಗೆ ಮೂರು ಯೂನಿಟ್ ಒಳಗೆ. ಲ್ಯಾಪ್‌ಟಾಪಿನ ಗುಣವೆಂದರೆ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ. ರೂಟರಿಗೆ ಮಾತ್ರ 12 ವೋಲ್ಟಿನ ಪುಟ್ಟ ಯುಪಿಎಸ್ ಬೇಕು. ಸದಾ ಚಾರ್ಜಿನಲ್ಲಿರುವ ಬ್ಯಾಟರಿ ನಮ್ಮೂರ ಏಪ್ರಿಲ್ ಬಿಸಿಲಿಗೆ ಊದಿಕೊಳ್ಳುವ ಅಪಾಯವಿದೆ, ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಬಿಡಿ.

ಇದಕ್ಕಿಂತ ದೊಡ್ಡ ಖರ್ಚು ಸಮಯದ್ದು. ಗೂಗಲ್ 2025ರ ಜನವರಿಯಿಂದ ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಇಲ್ಲದೆ ಹುಡುಕಾಟದ ಉತ್ತರ ಕೊಡುವುದನ್ನು ನಿಲ್ಲಿಸಿತು. ಗೂಗಲ್ ಉತ್ತರಗಳನ್ನಷ್ಟೇ ಶುದ್ಧಮಾಡಿ ತೋರಿಸುತ್ತಿದ್ದ ವೂಗಲ್ ಎಂಬ ಜನಪ್ರಿಯ ತಂತ್ರಾಂಶದ ಬುಡಕ್ಕೇ ಅದು ಏಟು. ಅದೇ ವರ್ಷ ಆಗಸ್ಟ್ 11ಕ್ಕೆ ಮೈಕ್ರೋಸಾಫ್ಟ್, ಬೇರೆ ತಂತ್ರಾಂಶಗಳು ನೇರವಾಗಿ ಉತ್ತರ ಪಡೆಯುವ ಬಾಗಿಲಾಗಿದ್ದ ತನ್ನ ಬಿಂಗ್ ಸರ್ಚ್ ಎಪಿಐಯನ್ನು ಮುಚ್ಚಿತು; ದುಡ್ಡು ಕೊಟ್ಟು ನ್ಯಾಯವಾಗಿ ಉತ್ತರ ಪಡೆಯುತ್ತಿದ್ದ ಸಣ್ಣ ಕಂಪನಿಗಳಿಗೆ ಆ ದಾರಿಯೂ ಹೋಯಿತು. ಸರ್ಕ್ಸ್‌ಎನ್‌ಜಿ ಪುಟಗಳನ್ನು ಕೆರೆದು ಉತ್ತರ ತೆಗೆಯುವುದರಿಂದ ಅತ್ತ ಗೂಗಲ್ ಪುಟದ ರಚನೆ ಬದಲಿಸಿದಾಗಲೆಲ್ಲ ಇತ್ತ ಕೆಡುತ್ತದೆ, ಸ್ವಯಂಸೇವಕರು ಸರಿಮಾಡಿ ಹೊಸ ಆವೃತ್ತಿ ಬಿಡುತ್ತಾರೆ, ನಾವು ಅಪ್‌ಡೇಟ್ ಮಾಡಬೇಕು. ನನ್ನ ಖಾಲಿ ಪುಟದ ಕಾರಣವೂ ಇದೇ ಆಗಿತ್ತು. ಹೀಗೆ ಯಂತ್ರದಿಂದ ಕೇಳಿ ಉತ್ತರ ಎತ್ತುವುದನ್ನು ಗೂಗಲ್‌ನ ಷರತ್ತುಗಳು ಒಪ್ಪುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಇನ್ನೊಂದು ಕಡೆಯ ತೂಕವೂ ಗೊತ್ತಿರಲಿ: ಫೋನು ಮತ್ತು ಬ್ರೌಸರುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿ ಕೂರಲು ಗೂಗಲ್ 2021ರಲ್ಲಿ ಖರ್ಚು ಮಾಡಿದ್ದು 2,630 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತರು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು.

ಇಷ್ಟೆಲ್ಲ ಮಾಡಿಯೂ ನಮ್ಮಮ್ಮ ಈ ಯಂತ್ರ ಬಳಸುವುದು ಕಡಿಮೆ. ಅವರು ಟೈಪ್ ಮಾಡುವುದಿಲ್ಲ, ಮೈಕ್ ಒತ್ತಿ ಮಾತಾಡುತ್ತಾರೆ. ಮಾತನ್ನು ಅಕ್ಷರ ಮಾಡುವುದು ಫೋನಿನ ಕೀಬೋರ್ಡು. ಕನ್ನಡದ ಧ್ವನಿ ಸಾಮಾನ್ಯವಾಗಿ ಆ ಕೀಬೋರ್ಡಿನ ಕಂಪನಿಯ ಸರ್ವರಿಗೆ ಹೋಗಿಯೇ ಅಕ್ಷರವಾಗುತ್ತದೆ. ಪ್ರಶ್ನೆ ನನ್ನ ಯಂತ್ರ ತಲುಪುವ ಹೊತ್ತಿಗೆ ಗುಟ್ಟು ಹೊರಬಿದ್ದಾಗಿರುತ್ತದೆ. ‘ಹತ್ತಿರದ ಮೆಡಿಕಲ್ ಶಾಪ್’ ಎಂದು ಕೇಳಿದರೆ ಮನೆಯ ಯಂತ್ರಕ್ಕೆ ಯಾವುದರ ಹತ್ತಿರ ಎಂದೇ ತಿಳಿಯದು, ಏಕೆಂದರೆ ಸ್ಥಳವನ್ನು ಅದು ಯಾರಿಗೂ ಹೇಳುವುದಿಲ್ಲ. ಕ್ಯಾತ್ಸಂದ್ರ ಎಂದೋ ಬಿ.ಎಚ್. ರಸ್ತೆ ಎಂದೋ ನೀವೇ ಸೇರಿಸಬೇಕು. ಖಾಸಗಿತನದ ಬೆಲೆ ಎಂದರೆ ಇಂಥದ್ದು, ದಿನಬಳಕೆಯಲ್ಲಿ ಕೊಡುವಂಥದ್ದು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಪ್ರಶ್ನೆ ಕೇಳುವ ಬಾಗಿಲನ್ನು ನಾವು ಮನೆಗೆ ತಂದೆವು. ಉತ್ತರ ಇರುವ ಉಗ್ರಾಣ ಎಲ್ಲಿದೆ?

ಸರ್ಕ್ಸ್‌ಎನ್‌ಜಿಯಲ್ಲಿ ನೂರಾರು ಎಂಜಿನ್‌ಗಳ ಪಟ್ಟಿ ನೋಡಿದರೆ ಬಹಳ ಕಡೆ ಕೇಳುತ್ತಿದ್ದೇವೆ ಎನ್ನಿಸುತ್ತದೆ. ಆದರೆ ಡಕ್‌ಡಕ್‌ಗೋ ತರುವ ಕೊಂಡಿಗಳು ಬಹುಪಾಲು ಬಿಂಗ್‌ನವು. ಸ್ಟಾರ್ಟ್‌ಪೇಜ್ ಗೂಗಲ್‌ನಿಂದ ತರುತ್ತದೆ. ಕ್ವಾಂಟ್, ಇಕೋಸಿಯಾ ವರ್ಷಗಟ್ಟಲೆ ಬಿಂಗ್ ಮೇಲೆ ನಿಂತಿದ್ದವು. ಅದರಿಂದ ಬಿಡಿಸಿಕೊಳ್ಳಲೆಂದೇ ಯುರೋಪಿನದ್ದೇ ಒಂದು ಸೂಚಿಯನ್ನು (ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನು) ಜೊತೆಯಾಗಿ ಕಟ್ಟುವುದಾಗಿ 2024ರ ನವೆಂಬರ್‌ನಲ್ಲಿ ಘೋಷಿಸಿದವು. ಹಾಗಾಗಿ ಒಂದು ಪುಟ ಮೂರು ಕಡೆ ಸಿಕ್ಕಿತು ಎಂದು ನಮ್ಮ ಯಂತ್ರ ಅದಕ್ಕೆ ಹೆಚ್ಚು ಅಂಕ ಕೊಟ್ಟಾಗ, ಅದು ಮೂರು ಜನರ ಸಾಕ್ಷಿಯಾಗದೆ ಒಬ್ಬನೇ ಮೂರು ಸಲ ಹೇಳಿದ ಸಾಕ್ಷಿಯಾಗಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಒಂದಿಷ್ಟು ಪರಿಹಾರ ಇದೆ: ಬ್ರಿಟನ್ನಿನ ಮೋಜೀಕ್‌ನಂಥವು ಸ್ವಂತ ಸೂಚಿ ಕಟ್ಟಿಕೊಂಡಿವೆ, ಸ್ವೀಡನ್ನಿನ ಒಬ್ಬನೇ ತಂತ್ರಜ್ಞ ಶುರುಮಾಡಿದ ಮಾರ್ಜಿನಾಲಿಯಾ ಮೊದಮೊದಲು ಅವನ ಮನೆಯ ಯಂತ್ರದಿಂದಲೇ ಓಡುತ್ತಿತ್ತು. ಅವು ಯಾವುವೂ ಕನ್ನಡಕ್ಕೆಂದು ಕಟ್ಟಿದವಲ್ಲ.

2021ರ ಜೂನ್ ನೆನಪಿದೆಯಲ್ಲವೆ? ಭಾರತದ ಕೆಟ್ಟ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ‘ಕನ್ನಡ’ ಎಂದು ಉತ್ತರದ ಚೌಕದಲ್ಲಿ ತೋರಿಸಿತ್ತು. ನಾಡಿಗೆ ನಾಡೇ ಸಿಡಿದೆದ್ದಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು, ಗೂಗಲ್ ಕ್ಷಮೆ ಕೇಳಿ ತೆಗೆಯಿತು. ಅವತ್ತು ನಡೆದದ್ದು ಇಷ್ಟೇ: ಯಾರೂ ಕೇಳದ ಪ್ರಶ್ನೆಗೆ ಯಾವುದೋ ಒಂದು ಪುಟ ಉತ್ತರ ಬರೆದಿಟ್ಟಿತ್ತು, ಎದುರಿಗೆ ಬೇರೆ ಪುಟ ಇರಲಿಲ್ಲ, ಯಂತ್ರ ಅದನ್ನೇ ಎತ್ತಿ ಸತ್ಯದ ಜಾಗದಲ್ಲಿ ಕೂರಿಸಿತು. ಅದು ಸಿಟ್ಟಿಗಿಂತ ಹೆಚ್ಚು ಚಿಂತೆಗೆ ಕಾರಣವಾಗಬೇಕಿತ್ತು. ಕನ್ನಡದ ಸಾವಿರಾರು ವಿಷಯಗಳಿಗೆ ಜಾಲದಲ್ಲಿ ಒಂದೇ ಪುಟ ಇದೆ ಅಥವಾ ಇಲ್ಲವೇ ಇಲ್ಲ. 2007ರಲ್ಲಿ ಹುಟ್ಟಿ ಜಾಲದ ಪುಟಗಳನ್ನು ಸಂಗ್ರಹಿಸುತ್ತ ಬಂದಿರುವ ಕಾಮನ್ ಕ್ರಾಲ್‌ನ ಭಂಡಾರದಲ್ಲಿ ಕನ್ನಡದ ಪಾಲು ಶೇಕಡಾ ಒಂದರ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. 2025ರಲ್ಲಿ ಗೂಗಲ್‌ನ ಎಐ ಮೋಡ್ ಕನ್ನಡಕ್ಕೂ ಬಂದಿದೆ. ಹತ್ತು ಕೊಂಡಿಗಳ ಬದಲು ಒಂದೇ ಉತ್ತರ ಹೇಳುವ ಯಂತ್ರ, ಒಂದೇ ಪುಟವಿರುವ ಭಾಷೆಯಲ್ಲಿ ಏನು ಹೇಳೀತು ಎಂಬುದನ್ನು ನಾವು ಈಗಲೇ ಕೇಳಿಕೊಳ್ಳಬೇಕು.

ಪುಟ ಇದ್ದರೂ ಸಿಗದಿರುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಒಂದು, ನಮ್ಮ ಪದಗಳ ಬಾಲ. ತುಮಕೂರು, ತುಮಕೂರಿನ, ತುಮಕೂರಿಗೆ, ತುಮಕೂರಿನಲ್ಲಿ, ತುಮಕೂರಿನಿಂದಲೇ: ನಮಗೆ ಒಂದೇ ಊರು, ಅಕ್ಷರ ಹೋಲಿಸಿ ನೋಡುವ ಯಂತ್ರಕ್ಕೆ ಐದು ಬೇರೆ ಪದ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಳೇ ಹೆಸರು ಒಂದು, 2014ರ ನವೆಂಬರ್ 1ರಿಂದ ಬಂದ ಹೊಸ ಹೆಸರು ಇನ್ನೊಂದು. ಹಳೆಯ ಕಡತಗಳು ಒಂದರಲ್ಲಿ, ಹೊಸವು ಇನ್ನೊಂದರಲ್ಲಿ. ಎರಡನೆಯ ಕಾರಣ ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು. ಸರ್ಕಾರಿ ಕಚೇರಿಗಳ ಎಷ್ಟೋ ಸುತ್ತೋಲೆಗಳು ಪಿಡಿಎಫ್ ಆಗಿ ಜಾಲದಲ್ಲಿವೆ, ಕಣ್ಣಿಗೆ ಚೊಕ್ಕ ಕನ್ನಡ. ಅದರಿಂದ ‘ಕರ್ನಾಟಕ’ ಎಂಬ ಪದವನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿ ನೋಡಿ: ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ಎ, ‘ನಾ’ ಇದ್ದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ. ಒಳಗೆ ಇರುವುದು ಅದೇ. ಈಗ ಎಲ್ಲೆಡೆ ಬಳಸುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ‘ಕರ್ನಾಟಕ’ ಎಂದು ಹುಡುಕುವ ಯಾವ ಯಂತ್ರಕ್ಕೂ ಆ ಕಡತ ಕನ್ನಡವೇ ಅಲ್ಲ.

ಮನೆಯ ಯಂತ್ರ ನಿಜವಾಗಿ ಬೆಲೆಬಾಳುವುದು ಇಲ್ಲಿ ಎಂದು ನನಗೆ ಈಗ ಅನ್ನಿಸುತ್ತದೆ. ಸರ್ಕ್ಸ್‌ಎನ್‌ಜಿ ಹೊರಗಿನ ಎಂಜಿನ್‌ಗಳ ಜೊತೆಗೆ ನಿಮ್ಮದೇ ಸೂಚಿಯನ್ನೂ ಕೇಳಬಲ್ಲದು. ನಿಮ್ಮ ಡಿಸ್ಕಿನಲ್ಲಿರುವ ಕಡತಗಳನ್ನು ಸೂಚಿ ಮಾಡುವ ರೀಕಾಲ್ ಇದೆ. ನೀವು ಹೇಳಿದ ತಾಣಗಳನ್ನು ತಾನೇ ಸುತ್ತಿ ಸೂಚಿ ಕಟ್ಟುವ ಯಾಸಿ ಇದೆ. ಜರ್ಮನಿಯ ಮೈಕೆಲ್ ಕ್ರಿಸ್ಟನ್ 2003ರಲ್ಲಿ ಶುರುಮಾಡಿದ್ದು, ಮೆಮೊರಿ ಹೆಚ್ಚು ಕೇಳುತ್ತದೆ, ಆದರೆ ಐವತ್ತು ಅರವತ್ತು ಕನ್ನಡ ತಾಣಗಳಿಗೆ ಹಳೇ ಲ್ಯಾಪ್‌ಟಾಪು ಸಾಕು. ಕನ್ನಡಕ್ಕೆ ಇಂಥ ಕೆಲಸ ಆಗದೇ ಇಲ್ಲ. ವಚನ ಸಂಚಯದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ತಂದಿಡುತ್ತದೆ, ಯಾವ ದೊಡ್ಡ ಕಂಪನಿಯೂ ಅದನ್ನು ಮಾಡಿಕೊಟ್ಟಿದ್ದಲ್ಲ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ಪದಕೋಶ 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತು. ಅದನ್ನು ಜಾಲಕ್ಕೆ ತಂದ ಕೈಲಾಶ್ ನಾಧ್, ಸ್ವಲ್ಪ ತಪ್ಪು ಬರೆದರೂ ಸರಿಯಾದ ಪದ ಸಿಗಲೆಂದು ಕನ್ನಡದ ಉಚ್ಚಾರಣೆಯನ್ನೇ ಆಧರಿಸಿದ ಕೆಎನ್‌ಫೋನ್ ಎಂಬ ಸೂತ್ರವನ್ನು ಬರೆದು ಅದನ್ನೂ ಮುಕ್ತವಾಗಿಟ್ಟರು. ಅಕ್ಕಿ ಬೇಳೆ ಎಲ್ಲ ಮನೆಯಲ್ಲಿದೆ, ಒಲೆ ಹಚ್ಚುವವರು ಬೇಕು.

ನಾನು ಶುರುಮಾಡಿದ್ದು ಚಿಕ್ಕದಾಗಿ. ಜಿಲ್ಲೆಗೆ ಸಂಬಂಧಪಟ್ಟ ಹಳೆಯ ಸುತ್ತೋಲೆ, ಅಧಿಸೂಚನೆಗಳ ಪಿಡಿಎಫ್‌ಗಳನ್ನು ಇಳಿಸಿಕೊಂಡು, ಸ್ವಯಂಸೇವಕರು ಬರೆದಿಟ್ಟಿರುವ ಪರಿವರ್ತಕದಲ್ಲಿ ನುಡಿಯಿಂದ ಯುನಿಕೋಡ್‌ಗೆ ತಿರುಗಿಸಿ, ರೀಕಾಲ್‌ಗೆ ಕೊಟ್ಟೆ. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಕೈಯಿಂದ ತಿದ್ದಬೇಕು. ಭಾನುವಾರಕ್ಕೆ ಇಪ್ಪತ್ತು ಕಡತವಾದರೆ ಹೆಚ್ಚು. ಜೊತೆಗೆ ಅಣ್ಣನ ಕೊಬ್ಬರಿ ಲೆಕ್ಕದ ಪುಸ್ತಕಗಳನ್ನೂ ಟೈಪ್ ಮಾಡಿ ಹಾಕುತ್ತಿದ್ದೇವೆ. ತಿಪಟೂರು ಮಾರುಕಟ್ಟೆಗೆ ಒಯ್ದ ದಿನ, ತೂಕ, ಸಿಕ್ಕ ದರ.

ಹೋದ ವಾರ ಅಣ್ಣ ಬಂದು, ತೋಟದ ಪಕ್ಕದ ಕಾಲುವೆ ಜಾಗದ ಬಗ್ಗೆ ಯಾವತ್ತೋ ಒಂದು ನೋಟಿಸ್ ಬಂದಿತ್ತಲ್ಲ, ಸಿಗುತ್ತದಾ ನೋಡು ಎಂದ. ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಗೂಗಲ್, ಬಿಂಗ್ ಸಾಲಿನಲ್ಲಿ ಸಿಕ್ಕಿದ್ದು ಅದೇ ಹೆಸರಿನ ಬೇರೆ ಜಿಲ್ಲೆಯ ಊರು. ಅದರ ಕೆಳಗೆ ರೀಕಾಲ್‌ನಿಂದ ಒಂದೇ ಒಂದು ಕಡತ, ಎರಡನೇ ಪುಟದ ಏಳನೇ ಸಾಲಿನಲ್ಲಿ ಸರ್ವೆ ನಂಬರು ಸಮೇತ. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದ. ಆಮೇಲೆ ಕೇಳಿದ: ‘ನಾನು ಇದನ್ನ ಹುಡುಕಿದ್ದು ಬೇರೆ ಯಾರಿಗಾದರೂ ಗೊತ್ತಾಗತ್ತಾ?’

ಹಳ್ಳಿಯ ಹೆಸರು ಗೂಗಲ್, ಬಿಂಗ್‌ಗೆ ಹೋಗಿದೆ, ಹುಡುಕಿದ್ದು ನೀನು ಎಂದು ನನಗೊಬ್ಬನಿಗೆ ಗೊತ್ತು, ಅದೂ ನೀನು ಪಕ್ಕದಲ್ಲಿ ಕೂತಿರುವುದರಿಂದ ಎಂದೆ. ನಿಂತು ಹೋಗಿರುವ ಲಾಗ್ ಫೈಲನ್ನು ಅವನಿಗೆ ತೆರೆದು ತೋರಿಸಿದೆ. ಖಾಲಿ ಇತ್ತು.